ಬಡವನಹಳ್ಳಿಯಿಂದ ರಂಗನನ್ನು ಕರೆತಂದ ದಿನ

ಪಾವಗಡದಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಮಧುಗಿರಿಯಲ್ಲಿ ಇಳಿದು, ಶಿರಾ ಕಡೆಯ ಬಸ್ಸು ಹತ್ತಿ ಬಡವನಹಳ್ಳಿ ಸೇರಬೇಕು. ಅಲ್ಲಿ ನನ್ನ ಗೆಳೆಯ ರಂಗಸ್ವಾಮಿಯನ್ನು ಹೊರಡಿಸಿಕೊಂಡು ಅದೇ ದಾರಿಯಲ್ಲಿ ಮಧುಗಿರಿಗೆ ವಾಪಸು ಬಂದು, ಸರ್ಕಾರಿ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ಡಾಕ್ಟರ ಮುಂದೆ ಕೂರಿಸಬೇಕು. ಆ ಡಾಕ್ಟರು ವಾರಕ್ಕೊಂದೇ ದಿನ ಬರುತ್ತಾರೆ. ಇವತ್ತು ತಪ್ಪಿದರೆ ಮುಂದಿನ ವಾರ. ಅಲ್ಲಿಯವರೆಗೆ ಮನುಷ್ಯ ಉಳಿಯುತ್ತಾನೋ ಇಲ್ಲವೋ ಎಂದು ಅವನ ಹೆಂಡತಿ ಸುನಂದಮ್ಮ ಫೋನಿನಲ್ಲಿ ಅತ್ತಿದ್ದರು.

ನಾನೂ ಕುಡುಕನೇ. ಎರಡು ವರ್ಷದಿಂದ ಮುಟ್ಟಿಲ್ಲ, ಅಷ್ಟೇ ವ್ಯತ್ಯಾಸ. ಬಿಟ್ಟವನನ್ನು ಜನ ಸನ್ಯಾಸಿಯ ಹಾಗೆ ನೋಡುತ್ತಾರೆ. ನನಗೋ ಇವತ್ತಿಗೂ ಸಂಜೆಯಾದರೆ ನಾಲಿಗೆ ಒಣಗುತ್ತದೆ. ಈ ದಾರಿಯ ಊರುಗಳನ್ನು ಬೇರೆಯವರು ಗುಡಿ, ಕೆರೆಗಳಿಂದ ಗುರುತು ಹಿಡಿದರೆ ನಾನು ಬ್ರಾಂದಿ ಅಂಗಡಿಗಳಿಂದ ಹಿಡಿಯುತ್ತೇನೆ. ಮಧುಗಿರಿ ಸೇರುವ ಮೊದಲು ರಸ್ತೆ ಸ್ವಲ್ಪ ದೂರ ಆಂಧ್ರದೊಳಗೆ ಹಾದು ಬರುತ್ತದೆ. ಅಲ್ಲಿನ ಅಂಗಡಿಯ ಬಾಗಿಲು ಅಷ್ಟು ಹೊತ್ತಿಗಿನ್ನೂ ತೆರೆದಿರಲಿಲ್ಲ, ಆದರೂ ಕತ್ತು ತಾನಾಗಿಯೇ ಆ ಕಡೆ ತಿರುಗಿತು.

ಪಕ್ಕದಲ್ಲಿ ನಾಗಲಮಡಿಕೆ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಆಧಾರ್ ಕಾರ್ಡನ್ನು ಮಾತ್ರ ಎತ್ತಿ ತೋರಿಸಿ, ನಾನು ದುಡ್ಡು ಕೊಡುವುದನ್ನು ಮಜವಾಗಿ ನೋಡಿದರು. "ಯಾಡಿಕಿ ನಾಯ್ನಾ?" ಎಂದು, ಎಲ್ಲಿಗಪ್ಪ ಹೊರಟೆ ಎನ್ನುವುದನ್ನು ತೆಲುಗಿನಲ್ಲಿ ವಿಚಾರಿಸಿದರು. ಕುಡಿಯುವ ಗೆಳೆಯನನ್ನು ಆಸ್ಪತ್ರೆಗೆ ಸೇರಿಸಲು ಹೊರಟಿದ್ದೇನೆ ಎಂದೆ.

"ಕುಡಿಯೋದಕ್ಕೂ ಆಸ್ಪತ್ರೇನಾ? ದೇವ್ರ ಮುಂದೆ ಆಣೆ ಇಡ್ಸಪ್ಪ, ಸಾಕು."

"ಅದೂ ಆಗೈತೆ ಕಣಜ್ಜಿ," ಎಂದೆ.

ಆಗಿತ್ತು. ಹೋದ ಶ್ರಾವಣದಲ್ಲಿ ರಂಗ ಕೊರಟಗೆರೆಯ ಸಿದ್ದರಬೆಟ್ಟ ಹತ್ತಿ, ಗುಹೆಯ ದೇವರು ಸಿದ್ದಪ್ಪನ ಮುಂದೆ ಕರ್ಪೂರ ಹಚ್ಚಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಇಟ್ಟು ಬಂದ. ಮುಟ್ಟಲೂ ಇಲ್ಲ. ಮೂರನೆಯ ದಿನಕ್ಕೆ ಮೈಯೆಲ್ಲ ನಡುಗಿತು, ಬೆವರು ಕಿತ್ತುಕೊಂಡು ಬಂತು, ಇಲ್ಲದ ಇರುವೆಗಳನ್ನು ಗೋಡೆಯಿಂದ ಒರೆಸತೊಡಗಿದ, ಸತ್ತ ಅಪ್ಪನ ಜೊತೆ ಜಗಳಕ್ಕೆ ನಿಂತ. ಮನೆಯವರು ಗಾಬರಿಯಾಗಿ ಒಂದು ಲೋಟ ಕುಡಿಸಿದರು. ನಡುಕ ನಿಂತಿತು. ಸಿದ್ದಪ್ಪನಿಗೆ ಇವನ ಆಣೆ ಒಪ್ಪಿಗೆಯಾಗಲಿಲ್ಲ, ಅದಕ್ಕೇ ಮುನಿದ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಅಂದಿನಿಂದ ರಂಗ ಭಕ್ತಿಯಿಂದಲೇ ಕುಡಿಯುತ್ತಿದ್ದಾನೆ.

ಮಧುಗಿರಿ ಬೆಟ್ಟ ಕಾಣಿಸಿದಾಗ ಬಿಸಿಲು ಏರಿತ್ತು. ಆ ಬೆಟ್ಟದ ಕೆಳಗೆ ಒಂದು ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ರಂಗನೂ ನಾನೂ ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದೆವು. ಬೋರ್‌ವೆಲ್ಲಿನ ಸುಟ್ಟ ಮೋಟಾರಿಗೆ ಅವನು ತಾಮ್ರದ ತಂತಿ ಸುತ್ತುವುದನ್ನು ನೋಡಲು ಗಿರಾಕಿಗಳು ನಿಂತುಬಿಡುತ್ತಿದ್ದರು. ಸಂಜೆ ಒಂದು ಕ್ವಾರ್ಟರ್ ತಂದು ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಕುಡಿಯುವ ಮೊದಲು ಬೆರಳದ್ದಿ ಒಂದು ಹನಿಯನ್ನು ಭೂಮ್ತಾಯಿಗೆ ಚಿಮುಕಿಸುತ್ತಿದ್ದೆವು. ಕುಡಿಯುವವರೆಲ್ಲ ಮಾಡುವ ಶಾಸ್ತ್ರವೇ ಅದು. ಆದರೆ ರಂಗ ಅದನ್ನು ಎಷ್ಟು ಗಂಭೀರವಾಗಿ ಮಾಡುತ್ತಿದ್ದನೆಂದರೆ ನಗು ತಡೆಯಲಾಗುತ್ತಿರಲಿಲ್ಲ. ಕುಡಿತ ಬಿಟ್ಟ ಮೇಲೆ ನಾನು ಪಾವಗಡದಲ್ಲಿ ಸ್ವಂತ ಅಂಗಡಿ ಇಟ್ಟೆ. ಹೆಂಡತಿ, ಮಕ್ಕಳು, ನಿದ್ದೆ, ಹಸಿವು ಎಲ್ಲ ವಾಪಸು ಬಂದವು. ರಂಗ ಮಾತ್ರ ಬರಲಿಲ್ಲ. ಅವನಿಲ್ಲದ ಸಂಜೆಗಳು ನನಗೆ ಇನ್ನೂ ರೂಢಿಯಾಗಿಲ್ಲ.

ಬಡವನಹಳ್ಳಿಯಲ್ಲಿ ಇಳಿದೆ. ಹುಣಸೆ ಬಡಿಯುವ ಕಾಲ. ಮನೆಗಳ ಮುಂದೆಲ್ಲ ಹೆಂಗಸರು ಹಣ್ಣು ಕುಟ್ಟುತ್ತಿದ್ದರು. ರಂಗ ಜಗಲಿಯ ಮೇಲಿದ್ದ. ಗಡ್ಡ ಬಿಟ್ಟಿದ್ದ, ಅಂಗಿಯ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡಿದ್ದ.

"ಬಂದ್ಬುಟ್ಟಾ? ನನ್ನ ಎಳ್ಕಂಡೋಗಾಕೆ ನಿನ್ನೇ ಕರೆಸವ್ಳಲ್ಲ ಇವ್ಳು!"

"ಹೆಂಗಿದೀಯಲಾ?"

"ನೋಡಿದ್ರೆ ಗೊತ್ತಾಗಾಕಿಲ್ವಾ?"

ಗೊತ್ತಾಗುತ್ತಿತ್ತು. ಬೆಳಿಗ್ಗೆ ಸ್ವಲ್ಪ ಹಾಕಿಕೊಂಡಿದ್ದರೂ ಕೈ ನಡುಗುತ್ತಿತ್ತು. ಸುನಂದಮ್ಮ ಮುದ್ದೆ, ಹುರುಳಿ ಸಾರು ಇಟ್ಟರು. ನಾನು ಎರಡು ಮುದ್ದೆ ಉಂಡೆ, ಅವನು ತುತ್ತು ಮುರಿದು ಹಾಗೇ ಬಿಟ್ಟ. "ನೀವ್ ಕರ್ಕೊಂಡೋದ್ರೆ ಬತ್ತಾರಣ್ಣ, ನನ್ ಮಾತು ಯಾವತ್ತು ಕೇಳವ್ರೆ?" ಎಂದರು ಸುನಂದಮ್ಮ. ಆಮೇಲೆ ಬಟ್ಟೆಯ ಚೀಲ ನನ್ನ ಕೈಗೆ ಕೊಟ್ಟು ಒಳಗೆ ಹೋದರು, ಹೊರಗೆ ಬರಲಿಲ್ಲ.

ಬಸ್ಸು ನಿಲ್ಲುವ ಜಾಗದಲ್ಲಿ ರಸ್ತೆಯ ಈಚೆ ಮಧುಗಿರಿ ಬಸ್ಸು, ಆಚೆ ಶಿರಾ ಬಸ್ಸು. ಮೊದಲು ಬಂದದ್ದು ಶಿರಾ ಬಸ್ಸು. ರಂಗ ನನ್ನ ಮೊಣಕೈ ಹಿಡಿದ.

"ಶಿರಾಕ್ ಹೋಗನ ಬಾರ್ಲಾ. ಆ ಹಿಂದಿನ ಟೇಬಲ್ಲು, ಕಬಾಬು. ಒಂದೇ ಒಂದು ಸಲ. ನಾಳೆ ನೀನ್ ಹೇಳ್ದಂಗೆ ಕೇಳ್ತೀನಿ."

ಶಿರಾದ ಬಾರಿನಲ್ಲಿ ನಾವಿಬ್ಬರೂ ಕೂರುತ್ತಿದ್ದ ಆ ಟೇಬಲ್ಲು ನನಗೆ ಕಣ್ಣೆದುರಿಗೇ ಬಂತು. ಒದ್ದೆ ಲೋಟ, ಕತ್ತರಿಸಿದ ಈರುಳ್ಳಿ, ಎದುರಿಗೆ ನಗುವ ರಂಗ. ನನಗೂ ಹೋಗಬೇಕೆನಿಸಿತು. ಸುಳ್ಳು ಯಾಕೆ ಹೇಳಲಿ, ಬಾಯಲ್ಲಿ ನೀರೇ ಬಂತು. "ನಂಗೂ ಆಸೆ ಐತೆ ಕಣ್ಲಾ, ಅದಕ್ಕೇ ಬರಲ್ಲ," ಎಂದೆ. ಕಂಡಕ್ಟರು ಎರಡು ಸಲ ಕೂಗಿ, ನಮ್ಮನ್ನು ಬೈದುಕೊಂಡು ಬಸ್ಸು ಬಿಡಿಸಿದ. ಮಧುಗಿರಿ ಬಸ್ಸು ಬರುವವರೆಗೆ ನಾನು ರಂಗನ ಚೀಲ ಬಿಡಲಿಲ್ಲ, ರಂಗ ನನ್ನ ಮೊಣಕೈ ಬಿಡಲಿಲ್ಲ.

ಬಸ್ಸಿನಲ್ಲಿ ರಂಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ಅಲ್ಲಾ ಹನ್ಮಂತ, ಕುಡಿಯಾದ್ ಬುಟ್ರೆ ನಾವಿಬ್ರೂ ಕೂತ್ಕಂಡು ಮಾಡಾದೇನ್ಲಾ?"

ಎರಡು ವರ್ಷದಿಂದ ನಾನು ಅವನ ಮನೆಗೆ ಹೋಗದೆ ಇದ್ದದ್ದು ಇದೇ ಪ್ರಶ್ನೆಗೆ ಹೆದರಿ. ಊಟ ಆಯ್ತಾ, ಮಳೆ ಹೆಂಗೆ ಎಂದು ಫೋನಿನಲ್ಲಿ ಕೇಳುವುದು, ಇಡುವುದು. ಅಷ್ಟರಲ್ಲೇ ಇದ್ದೆವು.

ಆಸ್ಪತ್ರೆಯ ಎದುರು ಟೀ ಹೇಳಿದೆ. ರಂಗ ಅರ್ಧ ಚೆಲ್ಲಿಕೊಂಡು, ಉಳಿದ ಟೀಗೆ ಬೆರಳದ್ದಿ, ಗಂಭೀರವಾಗಿ ಒಂದು ಹನಿ ನೆಲಕ್ಕೆ ಚಿಮುಕಿಸಿದ. ನಾನೂ ಅದೇ ಹೊತ್ತಿಗೆ ಚಿಮುಕಿಸಿದ್ದೆ. ಒಬ್ಬರನ್ನೊಬ್ಬರು ನೋಡಿಕೊಂಡೆವು.

"ನೀನೂ ಬುಟ್ಟಿಲ್ವಾ?"

"ಟೀಗೂ ಮಾಡ್ತೀನಿ, ಮಜ್ಜಿಗೆಗೂ ಮಾಡ್ತೀನಿ. ಮನೇಲಿ ನಗ್ತಾರೆ."

ರಂಗ ನಕ್ಕ. ಎಷ್ಟು ಕಾಲವಾಗಿತ್ತೋ ಆ ನಗು ಕೇಳಿ. ಟೀ ಮುಗಿದರೂ ನಾವು ಏಳಲಿಲ್ಲ. ಹಳೆಯ ಅಂಗಡಿಯ ಮಾತು ಬಂತು, ಒಮ್ಮೆ ತಂತಿ ತಿರುಗುಮುರುಗಾಗಿ ಸುತ್ತಿ ಪಂಪು ಹಿಂದುಮುಂದಾಗಿ ತಿರುಗಿದ್ದು ಬಂತು.

ಒಳಗೆ ಸರತಿ ಉದ್ದವಿತ್ತು. ನಿದ್ದೆಯಿಲ್ಲದ ಹುಡುಗಿಯನ್ನು ಕರೆತಂದ ತಾಯಿ, ಒಬ್ಬರೇ ಮಾತಾಡಿಕೊಳ್ಳುತ್ತಿದ್ದ ಮೇಷ್ಟ್ರು, ನಮ್ಮಂಥವರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ರಂಗ ಆಣೆಯ ಕಥೆ ಪೂರ್ತಿ ಹೇಳಿದ, ಅವರು ಪೂರ್ತಿ ಕೇಳಿಸಿಕೊಂಡರು.

"ದೇವರು ಮುನಿದಿದ್ದಲ್ಲ ರಂಗಸ್ವಾಮಿ. ಇಷ್ಟು ವರ್ಷ ಕುಡಿದವರು ಒಂದೇ ಸಲ ನಿಲ್ಲಿಸಿದ್ರೆ ಮೈ ಹಾಗೇ ತಿರುಗಿ ಬೀಳುತ್ತೆ. ಜೀವಕ್ಕೇ ಅಪಾಯ. ಇಲ್ಲಿ ಮಲಗಿ, ಮಾತ್ರೆ ಕೊಟ್ಟು ಬಿಡಿಸ್ತೀವಿ. ಆಮೇಲೂ ಬರ್ತಾ ಇರಬೇಕು."

"ಅಂಗಾದ್ರೆ ನನ್ ಆಣೆ?" ಎಂದ ರಂಗ.

"ಅದು ನಿಮ್ಮ ಹತ್ರಾನೇ ಇರಲಿ. ನಮ್ಮ ಮಾತ್ರೇನೂ ಜೊತೆಗಿರಲಿ."

ಅವನು ತಲೆ ಬಗ್ಗಿಸಿ ಅತ್ತ. ತನ್ನನ್ನು ದೇವರೇ ಬೇಡವೆಂದಿದ್ದಾನೆ ಅಂದುಕೊಂಡು ಆರು ತಿಂಗಳು ಬದುಕಿದ್ದನಲ್ಲ, ಆ ಅಳು ಅದು.

ವಾರ್ಡಿನಲ್ಲಿ ಮಂಚ ಸಿಕ್ಕಿತು. ಸಂಜೆ ಬಂದು ಜೊತೆಗಿರುತ್ತೇನೆಂದು ಸುನಂದಮ್ಮ ಫೋನಿನಲ್ಲಿ ಹೇಳಿದರು. ಕೊನೆಯ ಬಸ್ಸು ತಪ್ಪಿದರೆ ಕಷ್ಟವೆಂದು ನಾನು ಹೊರಟೆ. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ರಂಗ ಕಿಟಕಿಯ ಸರಳು ಹಿಡಿದು ನಿಂತಿದ್ದ.

"ಲೇ ಹನ್ಮಂತ, ಶನಿವಾರ ಬತ್ತೀಯೇನ್ಲಾ?"

"ಏನ್ ಮಾಡಾಕೆ?"

"ಸುಮ್ನೆ ಕೂತ್ಕಳಾಕೆ."

ಬಸ್‌ಸ್ಟ್ಯಾಂಡಿನವರೆಗೆ ಕಣ್ಣು ಮಂಜಾಗಿಯೇ ನಡೆದೆ. ಪಾವಗಡದ ಬಸ್ಸಿನಲ್ಲಿ ಟಿಕೆಟ್ಟು ಕೊಟ್ಟ ಕಂಡಕ್ಟರನ್ನು, ಶನಿವಾರವೂ ಬೆಳಗಿನ ಮೊದಲ ಬಸ್ಸು ಇವತ್ತಿನ ಹೊತ್ತಿಗೇ ಬಿಡುತ್ತದೆಯೇ ಎಂದು ಕೇಳಿದೆ.