ತಡಸ ಬರುವುದರೊಳಗೆ ಗಲ್ಲು

ಕಳೆದ ಸೋಮವಾರ ಮುಂಜಾನೆ ಹುಬ್ಬಳ್ಳಿ ಬಸ್ಸಿನಲ್ಲಿ ನಾವೆಲ್ಲ ಸೇರಿ ಒಬ್ಬ ಮನುಷ್ಯನನ್ನು ಗಲ್ಲಿಗೇರಿಸಿದೆವು.

ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಾನಗಲ್ಲಿನಿಂದ ಬಂದ ಬಸ್ಸನ್ನು ನಾನು ಶಿಗ್ಗಾಂವಿಯಲ್ಲಿ ಹತ್ತಿದಾಗ ವಿಚಾರಣೆ ಅರ್ಧ ಮುಗಿದಿತ್ತು. ತಡಸ ಬರುವುದರೊಳಗೆ ತೀರ್ಪೂ ಆಯಿತು. (ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಈ ಬಸ್ಸಿನ ಸೀಟುಗಳು ಬದಲಾಗಿಲ್ಲ. ಕೂತವರಿಗೆ ಇನ್ನೊಬ್ಬರ ಮೇಲೆ ಕನಿಕರ ಹುಟ್ಟಿಸುವಂಥ ಸೀಟುಗಳಲ್ಲ ಅವು.)

"ಇದರಾಗ ಏನ್ ಸಂಶೇ ಐತ್ರಿ?" ಎಂದರು ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬರು. ಆ ದಿನದ ನ್ಯಾಯಾಧೀಶರು ಅವರೇ. "ಮೆಟ್ಟು ಸಪ್ಪಳಾ ಮಾಡ್ಯಾವು. ಮನಷ್ಯಾ ಸತ್ತಾನ. ಮುಗೀತು."

"ಗಲ್ಲು ಆಗಬೇಕ್ರಿ ಅವಗ," ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ. "ಚಿಲ್ಲರ ಕೊಡ್ರಿ."

ಆಗ ಯಾರೋ ನನ್ನ ಕಡೆ ಕೈ ಮಾಡಿದರು. "ಪೇಪರಿನವ್ರು ಇಲ್ಲೇ ಅದಾರಲ್ಲ. ದಿನಾ ಕೋರ್ಟಿನಾಗ ಕುಂದರ್ತಾರ. ಅವ್ರನ್ನ ಕೇಳ್ರಿ."

ಇಡೀ ಬಸ್ಸು ನನ್ನತ್ತ ತಿರುಗಿತು. ನಮ್ಮ ಕಚೇರಿಯಲ್ಲಿ ಮೊದಲ ದಿನವೇ ಒಂದು ಪಾಠ ಹೇಳಿಕೊಡುತ್ತಾರೆ: 'ಕೊಲೆಗಾರ' ಎಂದು ಬರೆಯಬೇಡ, 'ಆರೋಪಿ' ಎಂದು ಬರೆ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ನಾನು ತಪ್ಪಿಲ್ಲ. ಆದರೆ ಬಸ್ಸಿನಲ್ಲಿ ಸಬ್-ಎಡಿಟರ್ ಇರುವುದಿಲ್ಲ. ಮೇಲಾಗಿ, ಅಷ್ಟು ಜನ ಬಾಯಿ ತೆರೆದು ನೋಡುತ್ತಿರುವಾಗ ಸುಮ್ಮನಿರುವ ಪತ್ರಕರ್ತ ಇನ್ನೂ ಹುಟ್ಟಬೇಕಷ್ಟೆ.

"ಗಂಗವ್ವನ ಸಾಕ್ಷಿ ಗಟ್ಟಿ ಐತ್ರಿ," ಎಂದೆ.

"ಹಾಂ! ಕೇಳಿದ್ರಿಲ್ಲೋ?" ಎಂದರು ವ್ಯಾಪಾರಿ. ಬಸ್ಸು ತಲೆಯಾಡಿಸಿತು. ನನ್ನ ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗಳು ತೊಡೆಯ ಮೇಲಿನ ಬುತ್ತಿಗಂಟನ್ನು ಒಮ್ಮೆ ಬಿಗಿಯಾಗಿ ಹಿಡಿದಳು. ಆಮೇಲೆ ವ್ಯಾಪಾರಿಯ ಕೈಚೀಲಕ್ಕೆ ಜಾಗ ಬೇಕೆಂದಾಗ ಸರಿದು ಕೂತಳು.

ಪ್ರಕರಣ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸವಣೂರು ತಾಲೂಕಿನ ಒಂದು ಹಳ್ಳಿ. (ಊರಿನ ಹೆಸರು ಬೇಡ. ಅಲ್ಲಿಯವರಿಗೆ ಇನ್ನೂ ಹೆಣ್ಣು ಕೊಡುವುದು, ತರುವುದು ಇದೆ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ.) ಯಲ್ಲಪ್ಪ ಎಂಬವನು ದೀಪ ಹಚ್ಚುವ ಹೊತ್ತಿನಲ್ಲಿ ತನ್ನ ಹಿತ್ತಲಲ್ಲಿ ತಲೆ ಒಡೆದು ಸತ್ತುಬಿದ್ದ. ಆರೋಪಿ ಅವನ ದಾಯಾದಿ ನಿಂಗಪ್ಪ. ಇಬ್ಬರಿಗೂ ಹೊಲದ ಬದುವಿನ ಮೇಲಿದ್ದ ಒಂದು ಬನ್ನಿ ಗಿಡದ ಸಲುವಾಗಿ ಜಗಳ. ಕೊಲೆಯನ್ನು ಕಂಡವರು ಯಾರೂ ಇಲ್ಲ. ಕೇಳಿದವಳು ಒಬ್ಬಳಿದ್ದಾಳೆ.

ಅವಳೇ ಗಂಗವ್ವ. ಯಲ್ಲಪ್ಪನ ಮನೆಗೆ ಹೋಗುವ ಓಣಿಯಲ್ಲಿ ಕೊನೆಯ ಮನೆ ಅವಳದು. ಆ ಹೊತ್ತಿನಲ್ಲಿ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಕಿರ್... ಕಿರ್... ಎನ್ನುತ್ತ ಮೆಟ್ಟು ಹಾದುಹೋದವು. 'ನಿಂಗಪ್ಪ ಹೊಂಟ' ಎಂದುಕೊಂಡಳು. ಎರಡು ರೊಟ್ಟಿ ಬೇಯುವುದರೊಳಗೆ ಆಚೆ ಚೀರಾಟ.

ನಮ್ಮ ಕಡೆಯ ಕಿರ್‌ಗುಡುವ ಮೆಟ್ಟಿನ ಬಗ್ಗೆ ಹೇಳಲೇಬೇಕು. ತಳದ ಎರಡು ಪದರಗಳ ನಡುವೆ ಒಣ ತೊಗಲಿನ ತುಣುಕೊಂದನ್ನು ಇಟ್ಟು ಹೊಲೆಯುತ್ತಾರೆ. ನಡೆದರೆ ಅದು ಮಾತಾಡುತ್ತದೆ. ಪಟಕಾ ಸುತ್ತಿದ ಗಂಡಸು ಬರುತ್ತಿದ್ದಾನೆಂದು ಓಣಿಗೆ ತಿಳಿಯಬೇಕಲ್ಲ? ಹೊಸ ಮೆಟ್ಟು ಸಪ್ಪಳ ಮಾಡದಿದ್ದರೆ ಅಂಗಡಿಗೆ ವಾಪಸು ಒಯ್ದು ಜಗಳಾಡುವ ಜನ ನಾವು.

ಗಂಗವ್ವನ ಪಾಟಿಸವಾಲು ನಡೆದ ದಿನ ನಾನೂ ಕೋರ್ಟಿನಲ್ಲಿದ್ದೆ. ಆರೋಪಿಯ ವಕೀಲರು ತೆಳ್ಳಗಿನ ತರುಣ. "ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮೆಟ್ಟಿನ ಸಪ್ಪಳ ಹೇಗೆ ಕೇಳಿತು?" ಎಂದರು.

"ಕೈ ಬಡದ್ರ ಕಿವಿ ಮುಚ್ಚತಾವೇನ್ರಿ ವಕೀಲ್ರ?" ಎಂದಳು ಗಂಗವ್ವ. "ನಮ್ಮ ಓಣಿಯಾಗ ಯಾರು ಹಾದ್ರೂ ನನಗ ಮಕಾ ನೋಡೂದು ಬ್ಯಾಡ್ರಿ. ನಿಮ್ಮನ್ನೂ ಎರಡ ದಿನಾ ಅಡ್ಡಾಡಿಸ್ರಿ, ಹೇಳ್ತೇನಿ."

ಕೋರ್ಟು ನಕ್ಕಿತು. ವಕೀಲರು ಕೂತರು. 'ಸಾಕ್ಷಿ ಗಟ್ಟಿ' ಎಂದು ನಾನು ಅಂದುಕೊಂಡಿದ್ದು ಆವತ್ತೇ. ನಗಿಸಿದವರ ಮಾತು ನಿಜವೆನಿಸುವುದು ಯಾಕೆ?

ತರುಣ ವಕೀಲರು ಸುಮ್ಮನಾಗಲಿಲ್ಲ. ಆ ಮೆಟ್ಟುಗಳನ್ನು ಹೊಲೆದ ಸವಣೂರಿನ ಇಮಾಮಸಾಬರನ್ನು ತಮ್ಮ ಸಾಕ್ಷಿಯಾಗಿ ಕರೆಸಿದರು. 'ಎಲ್ಲ ಮೆಟ್ಟಿನ ಸಪ್ಪಳವೂ ಒಂದೇ' ಎಂದು ಮುದುಕ ಹೇಳಿದರೆ ನಿಂಗಪ್ಪ ಅರ್ಧ ಪಾರು. ಆದರೆ ಮೂವತ್ತು ವರ್ಷ ಕಸಬು ಮಾಡಿದವನ ಬಾಯಿಂದ ಆ ಮಾತು ಬರುತ್ತದೆಯೇ?

"ಒಂದ ಅಂದ್ರ ಹೆಂಗ್ರಿ ಸಾಹೇಬ್ರ?" ಇಮಾಮಸಾಬರಿಗೆ ಸಿಟ್ಟೇ ಬಂತು. "ನನ್ನ ಒಂದೊಂದು ಜೋಡಿಗೂ ಒಂದೊಂದು ಗಂಟಲ ಐತಿ. ಕಣ್ಣು ಮುಚ್ಚಿಕೊಂಡು ಹೇಳ್ತೇನಿ ಯಾರ್ದು ಅಂತ."

ತಮ್ಮ ಸಾಕ್ಷಿಯೇ ತಮ್ಮ ಕಕ್ಷಿದಾರನ ಕೊರಳಿಗೆ ಹಗ್ಗ ಹಾಕಿದ್ದು ನೋಡಿ ವಕೀಲರ ಮುಖ ಸುಣ್ಣವಾಯಿತು. ಸರಕಾರಿ ವಕೀಲರು ಮಾತ್ರ ಅರಳಿದರು. "ಹಾಗಾದರೆ ಹೇಳಿಬಿಡಲಿ," ಎಂದರು. ನ್ಯಾಯಾಧೀಶರು ಒಪ್ಪಿದರು. (ಅವರಿಗೂ ಬೇಸರವಾಗಿತ್ತೋ ಏನೋ.) ಮುದುಕನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕೋರ್ಟಿನ ಪಟ್ಟೇವಾಲಾ ಮೂರು ಜೋಡಿ ಮೆಟ್ಟು ಹಾಕಿಕೊಂಡು ಒಂದಾದ ಮೇಲೆ ಒಂದರಂತೆ ಗಂಭೀರವಾಗಿ ನಡೆದ.

ಮೊದಲನೆಯದು ನಿಂಗಪ್ಪನದು ಎಂದರು ಇಮಾಮಸಾಬರು. ಸರಿ. ಎರಡನೆಯದು ಅದೇ ಊರಿನ ಗೌಡರದು ಎಂದರು. ಅದೂ ಸರಿ. ಮೂರನೆಯದಕ್ಕೆ, "ಇದೂ ನನ್ನ ಕೈಯಿಂದನ ಹೊಲದದ್ದು," ಎಂದರು. ಅದು ಶಿರಸ್ತೇದಾರರ ಮೆಟ್ಟು. ಹುಬ್ಬಳ್ಳಿಯಲ್ಲಿ ಕೊಂಡದ್ದು.

ಸೋಮವಾರದ ಕೊನೆಯ ವಾದ ನಿಂತದ್ದು ಈ ಮೂರು ಜೋಡಿಗಳ ಮೇಲೆ. ನಿಂಗಪ್ಪನ ಮೆಟ್ಟುಗಳು ಚೀಟಿ ಅಂಟಿಸಿಕೊಂಡು ಕೋರ್ಟಿನ ಮೇಜಿನ ಮೇಲಿದ್ದವು. ನಿಂಗಪ್ಪ ಬರಿಗಾಲಲ್ಲಿ ಕಟಕಟೆಯಲ್ಲಿದ್ದ.

ಸರಕಾರಿ ವಕೀಲರು ಹೇಳಿದರು: ಗಂಗವ್ವನಿಗೆ ಯಾವ ದ್ವೇಷವೂ ಇಲ್ಲ. ಕೊಲೆಗೆ ಎಂಟು ದಿನ ಮೊದಲು 'ನಿನ್ನ ನೋಡ್ಕೋತೇನಿ' ಎಂದು ನಿಂಗಪ್ಪ ಕೂಗಾಡಿದ್ದನ್ನು ಊರೇ ಕೇಳಿದೆ. (ಈ ಮಾತಿಗೆ ಜೈಲೆಂದರೆ ಸವಣೂರು ತಾಲೂಕಿನಲ್ಲಿ ಬಿತ್ತನೆಗೆ ಗಂಡಾಳು ಸಿಗಲಿಕ್ಕಿಲ್ಲ.) ಕೊನೆಗೆ, ಹೊಲೆದವನೇ ಆ ಮೆಟ್ಟನ್ನು ಗುರುತಿಸಿದ್ದಾನೆ, ಇನ್ನೇನು ಬೇಕು?

ತರುಣ ವಕೀಲರು ಎದ್ದರು: ಆ ಊರಲ್ಲಿ ಇಮಾಮಸಾಬರು ಹೊಲೆದ ಮೆಟ್ಟು ಒಂಬತ್ತು ಜೋಡಿ ಇವೆ. ನಿಂಗಪ್ಪನ ಬಟ್ಟೆಯ ಮೇಲೆ ರಕ್ತವಿಲ್ಲ. ಹೊಲೆದವನೇ ಮೂರರಲ್ಲಿ ಒಂದನ್ನು ತಪ್ಪಿದ. ಹೊಲೆದವನ ಕಿವಿ ತಪ್ಪಿದರೆ ಶಿರಸ್ತೇದಾರರು ನಗುತ್ತಾರೆ. ಗಂಗವ್ವನ ಕಿವಿ ತಪ್ಪಿದರೆ ಒಬ್ಬನ ಜೀವ ಹೋಗುತ್ತದೆ. ಮೂರರಲ್ಲಿ ಎರಡು ಸರಿ ಎಂಬ ಲೆಕ್ಕಕ್ಕೆ ಮನುಷ್ಯನನ್ನು ನೇಣು ಹಾಕಬಹುದೇ? 'ರೀಸನೇಬಲ್ ಡೌಟ್' ಎಂದರೆ ಇದಲ್ಲದೆ ಇನ್ನೇನು?

ನನ್ನ ಪೆನ್ನು ನಿಂತಿತು. ಮುಂಜಾನೆಯ ಗಟ್ಟಿ ಸಾಕ್ಷಿ ಸಂಜೆಗೆ ಅಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ.

ಕಲಾಪ ಮುಗಿದು ನಿಂಗಪ್ಪನನ್ನು ಕರೆದೊಯ್ಯುವಾಗ ವರಾಂಡದಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಬುತ್ತಿಗಂಟನ್ನು ಮುಂದೆ ಚಾಚಿದಳು. ಪೊಲೀಸರು 'ಬೇಡ' ಎಂದರು. ಗಂಟು ನನಗೆ ಗುರುತು ಹತ್ತಿತು. ಮುಖವನ್ನು ಆಮೇಲೆ ನೋಡಿದೆ.

ನಿಂಗಪ್ಪನ ಹೆಂಡತಿ ಶಾಂತವ್ವ. ಮುಂಜಾನೆ ನನ್ನ ಮುಂದಿನ ಸೀಟಿನಲ್ಲಿ ಕೂತು, ಗಂಡನಿಗೆ ನಾವು ಗಲ್ಲು ಕೊಟ್ಟದ್ದನ್ನು ಕೇಳಿಸಿಕೊಂಡವಳು. ನಮಗೆ ಜಾಗ ಬಿಟ್ಟುಕೊಟ್ಟವಳು.

ವಾಪಸು ಬರುವಾಗಲೂ ಒಂದೇ ಬಸ್ಸು. ಅದೇ ಕಂಡಕ್ಟರ್. ಈ ಸಲ ತೀರ್ಪು ಬೇರೆ. ವಾದ ಕೇಳಿ ಬಂದ ನಾಲ್ಕು ಮಂದಿ, "ತೆಳ್ಳಾನ ವಕೀಲ ಹಂಗ ಹರದ ಹಾಕಿದ್ನಲೇ!" ಎನ್ನುತ್ತಿದ್ದರು. ತಡಸ ಬರುವುದರೊಳಗೆ ನಿಂಗಪ್ಪ ನಿರಪರಾಧಿಯಾದ. ಒಂದೇ ದಿನ, ಒಂದೇ ರಸ್ತೆ.

ಮುಂದಿನ ಸೀಟಿನಲ್ಲಿದ್ದ ಶಾಂತವ್ವ ಹಿಂದೆ ತಿರುಗಿ ನೋಡಿದಳು. "ಯಣ್ಣಾ, ನೀವು ಪೇಪರಿನವ್ರಲ್ಲೇನ್ರಿ?"

"ಹೌದವ್ವಾ."

"ಕೋರ್ಟಿನಾಗ ಇವತ್ತ ಎಲ್ಲಾರೂ ಇಂಗ್ಲೀಷ್ ಮಾತಾಡಿದ್ರು. ಒಂದೂ ತಿಳೀಲಿಲ್ರಿ. ಬಸ್ಸಿನಾಗ ನೀವು ಮಾತಾಡಿದ್ದು ಮಾತ್ರ ಎಲ್ಲಾ ತಿಳೀತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಮುಂಜಾನೆ ಸಾಕ್ಷಿ ಗಟ್ಟಿ ಅಂದ್ರಿ. ಈಗ ಏನಂತೀರಿ?"

"ನ್ಯಾಯಾಧೀಶರು ಹೇಳ್ತಾರವ್ವಾ. ಗುರುವಾರ ತೀರ್ಪು," ಎಂದೆ. ಮುಂಜಾನೆ ನೆನಪಾಗದ ನಿಯಮ ಸಂಜೆ ನೆನಪಾಗಿತ್ತು.

ಮಂಗಳವಾರ ಸವಣೂರಿಗೆ ಹೋಗಿ ಇಮಾಮಸಾಬರ ಅಂಗಡಿಯಲ್ಲಿ ಕಿರ್‌ಗುಡುವ ಒಂದು ಜೋಡಿ ಕೊಂಡೆ. ಮುದುಕನ ಮೋರೆ ಬಾಡಿತ್ತು. "ಪ್ಯಾಟ್ಯಾಗ ಎಲ್ಲಾರೂ ನಗಾಕತ್ತಾರ್ರಿ," ಎಂದರು. "ಆ ಮೂರನೇದ್ದು ಭಾಳ ಛಲೋ ಸಪ್ಪಳಾ ಮಾಡ್ತಿತ್ರಿ. ಛಲೋ ಐತಿ ಅಂದಮ್ಯಾಲೆ ನಂದ ಇರಬೇಕು ಅಂದೆ."

ಮೆಟ್ಟು ಹಾಕಿಕೊಂಡು ಮನೆಗೆ ಬಂದೆ. ನನ್ನ ಹೆಂಡತಿ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಕೋರ್ಟಿನಲ್ಲಿ ಸಿಕ್ಕೀತು? ಮಾತಾಡದೆ ಕಿರ್ ಕಿರ್ ಎಂದು ಪಡಸಾಲೆಗೆ ನಡೆದೆ.

"ಬರ್ರಿ ಮಾಮಾ, ಕುಂದರ್ರಿ," ಎಂದಳು ತಿರುಗದೆ. ಪಕ್ಕದ ಮನೆಯ ನಿವೃತ್ತ ಮಾಸ್ತರರು ಇಂಥದೇ ಮೆಟ್ಟು ಹಾಕುತ್ತಾರೆ. "ಅವ್ರು ಇನ್ನೂ ಬಂದಿಲ್ಲ. ಬಂದ್ರೂ ಏನ್ ಉಪಯೋಗ ಇಲ್ರಿ. ಬಾಯಿ ಬಿಟ್ರ ಕೋರ್ಟು. ನಿನ್ನೆ ಕೊತ್ತಂಬರಿ ತರ್ರಿ ಅಂದ್ರ ಪಂಚನಾಮೆ ಹೇಳಿಕೋತ ಕುಂತ್ರು. ನೀವರ ಒಂದೀಟು ಬುದ್ಧಿ ಹೇಳ್ರಿ."

ಹದಿನಾಲ್ಕು ವರ್ಷದ ಸಂಸಾರ. ನಾನು ಕೆಮ್ಮಿದೆ. ಅವಳು ತಿರುಗಿದಳು. ಹಿಟ್ಟಿನ ಕೈ ಬಾಯಿಗೆ ಹೋಯಿತು.

"ನೋಡು," ಎಂದೆ ಗೆಲುವಿನಿಂದ. "ಹೆಂಡತಿಗೇ ಗಂಡನ ನಡಿಗೆ ತಿಳೀಲಿಲ್ಲ. ಗಂಗವ್ವಗ ಹೆಂಗ ತಿಳೀತು? ನಿಂಗಪ್ಪ ನಿರಪರಾಧಿ."

"ಹೊಸಾ ಮೆಟ್ಟು ಹಾಕ್ಕೊಂಡು ಕಳ್ಳನಂಗ ಬಂದು ಮ್ಯಾಲೆ ನ್ಯಾಯಾ ಹೇಳ್ತೀರೇನ್?" ಎಂದಳು. "ಗಂಗವ್ವ ದಿನಾ ಕೇಳೂದು ಅವನ ಹಳೇ ಮೆಟ್ಟು. ನೀವೂ ಒಂದ ವರ್ಷ ಹಾಕ್ರಿ, ಓಣಿ ಆ ತುದಿಗೆ ಇದ್ದಾಗನ ಹೇಳ್ತೇನಿ."

"ಅಂದ್ರ ಅವನ ಮಾಡಿದ್ದು ಅಂತೀಯೇನು?"

"ನಾ ಹಂಗೂ ಅನ್ನಲಿಲ್ಲ. ಕೊಲಿ ಮಾಡಾಕ ಹೋಗಾವ ಊರಿಗೆಲ್ಲಾ ಡಂಗುರಾ ಹೊಡಿಯೂ ಮೆಟ್ಟು ಹಾಕ್ಕೊಂಡು ಹೋಗ್ತಾನೇನ್ರಿ?"

ಬೆಚ್ಚಿಬಿದ್ದೆ. ಇಷ್ಟು ದಿನದ ವಿಚಾರಣೆಯಲ್ಲಿ ಕರಿಕೋಟಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ. (ನನಗೂ ಹೊಳೆದಿರಲಿಲ್ಲ, ಅದನ್ನು ಬರೆಯುವ ಅಗತ್ಯವಿಲ್ಲ.) ನಾನು ಹಿಗ್ಗುವುದರೊಳಗೆ ಅವಳೇ ಅದನ್ನೂ ಒಡೆದಳು. "ಸಿಟ್ಟು ನೆತ್ತಿಗೇರಿದಾವಗ ಕಾಲಾಗೇನೈತಿ ಅನ್ನೂ ಖಬರ ಎಲ್ಲಿರ್ತೈತಿ ಬಿಡ್ರಿ."

"ಹಂಗಾರ ನಿನ್ನ ತೀರ್ಪೇನು?"

"ನನಗೇನ್ ಗೊತ್ತರಿ? ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನೂದು. ನೀವು ಪೇಪರಿನವ್ರು ಆ ಮಾತ ಕಲತಿಲ್ಲೇನು?" ಎಂದು ರೊಟ್ಟಿ ತಿರುವಿ ಹಾಕಿದಳು. ಕರಕಲಾದದ್ದು ನನ್ನ ತಾಟಿಗೆ ಬಂತು.

ಗುರುವಾರ ನ್ಯಾಯಾಧೀಶರು ನಲವತ್ತು ಪುಟಗಳಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ನಿಂಗಪ್ಪ ಮಾಡಿಲ್ಲವೆಂದು ಅವರು ಹೇಳಲಿಲ್ಲ. ಮಾಡಿದ್ದಾನೆಂದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದರು. ಗೊತ್ತಿಲ್ಲ, ಆದ್ದರಿಂದ ಬಿಡುಗಡೆ.

ಆ ಸಂಜೆಯ ಬಸ್ಸಿನಲ್ಲಿ ನಿಂಗಪ್ಪ, ಶಾಂತವ್ವ ಮುಂದಿನ ಸೀಟಿನಲ್ಲಿದ್ದರು. ಅವನ ಮೆಟ್ಟುಗಳಿನ್ನೂ ಸರಕಾರದ ವಶದಲ್ಲಿ. ಬರಿಗಾಲನ್ನು ಸೀಟಿನ ಕೆಳಗೆ ಮುದುಡಿಕೊಂಡಿದ್ದ. ನಾನು ಹತ್ತಿದೆ. ಕಿರ್... ಕಿರ್... ಶಾಂತವ್ವನ ತಲೆ ತಟ್ಟನೆ ಮೇಲೆದ್ದಿತು. ನಿಂಗಪ್ಪ ಮಾತ್ರ ತಲೆ ಎತ್ತಲಿಲ್ಲ. ನಾನು ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

ಬಸ್ಸು ಮತ್ತೆ ತನ್ನ ಕೋರ್ಟು ತೆರೆದಿತ್ತು. ಸೋಮವಾರ ಸಂಜೆ ಅವನನ್ನು ಬಿಟ್ಟವರೇ ಈಗ ನ್ಯಾಯಾಧೀಶರು ಬಿಟ್ಟದ್ದು ತಪ್ಪೆಂದು ಪಿಸುಗುಡುತ್ತಿದ್ದರು. ಕಂಡಕ್ಟರ್ ಬಾಗಿ ನನ್ನ ಕಿವಿಯ ಹತ್ತಿರ ಬಂದ. "ಖರೇ ಹೇಳ್ರಿ ಪೇಪರಿನವ್ರ. ಮಾಡಿದ್ದು ಇವನ ಅಲ್ಲೇನ್ರಿ?"

"ಗೊತ್ತಿಲ್ಲ," ಎಂದೆ, ಮುಂದಿನ ಸೀಟಿಗೆ ಕೇಳುವಷ್ಟು ಜೋರಾಗಿ.

ಶಾಂತವ್ವ ತಿರುಗಲಿಲ್ಲ. ನಿಂಗಪ್ಪನೂ ತಿರುಗಲಿಲ್ಲ. ಕಂಡಕ್ಟರ್ ಬೇಸರದಿಂದ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಮೂರೇ ಅಕ್ಷರದ ಮಾತು. ಸೋಮವಾರ ಮುಂಜಾನೆಯೇ ಅದನ್ನು ಹೇಳಿದ್ದರೆ ಅವನೇನು ನನ್ನನ್ನು ತಡಸದಲ್ಲಿ ಇಳಿಸಿಬಿಡುತ್ತಿದ್ದನೇ?