ಎಕ್ಸ್‌ಕ್ಯೂಸ್ ಮಿ ಅನ್ನದ ಯಂತ್ರ

ಅಂದು ನೀರು ಬರುವ ದಿನ. ಐದೂವರೆಗೆ ನಳದಲ್ಲಿ ಗಾಳಿಯ ಸದ್ದು ಕೇಳಿದ ಕೂಡಲೇ ಎದ್ದು ಕೊಡಗಳನ್ನೂ ಹಿತ್ತಲಿನ ಎರಡು ಬ್ಯಾರಲ್‌ಗಳನ್ನೂ ತೊಳೆದಿಟ್ಟೆ. ಗೇಟಿಗೆ ಕಟ್ಟಿದ ಚೀಲದಿಂದ ಹಾಲಿನ ಪಾಕೀಟು ತಂದು ಚಹಾಕ್ಕೆ ಇಟ್ಟೆ. ಯಜಮಾನರು ವಾಕಿಂಗ್‌ಗೆ ಹೋಗಿದ್ದರು. ಮಗಳು ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯಲ್ಲಿ ನನ್ನ ಲಟ್ಟಣಿಗೆ ಹಿಡಿದು, ಫ್ರಿಜ್ಜಿನ ಬಾಗಿಲು ನೋಡುತ್ತಿದ್ದಳು.

ಅವಳು ವಿಮಾನದ ಸಹ ಪೈಲಟ್. ಬಲಗಡೆ ಕೂಡುವವಳಾದ್ದರಿಂದ ಎಂಜಿನ್ನಿನ ಹಿಡಿಕೆ ಅವಳ ಎಡಗೈಗೆ ಬರುತ್ತದೆ. ಲಟ್ಟಣಿಗೆಯೇ ಆ ಹಿಡಿಕೆ.

ಹಿಂದಿನ ತಿಂಗಳು ಬೆಂಗಳೂರಿನಲ್ಲಿ, ನೆಲದ ಮೇಲೇ ಇರುವ ನಕಲಿ ಕಾಕ್‌ಪಿಟ್ಟಿನಲ್ಲಿ ನಡೆಯುವ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಅವರ ವಿಮಾನದಲ್ಲಿ ಒಂದು ಯಂತ್ರವಿದೆಯಂತೆ. ವಿಮಾನ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅದು ತಾನೇ ನೋಡಿಕೊಳ್ಳುತ್ತಿರುತ್ತದೆ. ಇಳಿಯುವಾಗ ಗಾಲಿ ನೆಲ ಮುಟ್ಟುವ ಮೊದಲೇ ರನ್‌ವೇ ಬಹಳಷ್ಟು ಹಿಂದೆ ಸರಿದುಹೋದರೆ ‘ಲಾಂಗ್ ಲ್ಯಾಂಡಿಂಗ್, ಲಾಂಗ್ ಲ್ಯಾಂಡಿಂಗ್’ ಎಂದು ಕೂಗುತ್ತದೆ. ಕೂಗಿದೊಡನೆ ಹಿಡಿಕೆಯನ್ನು ಮುಂದಕ್ಕೆ ನೂಕಿ ವಿಮಾನವನ್ನು ಮತ್ತೆ ಮೇಲಕ್ಕೆತ್ತಬೇಕು. ಇವಳು ಆ ಕೂಗು ಖರೆಯೋ ಸುಳ್ಳೋ ಎಂದು ಮೊದಲು ಹೊರಗೆ ನೋಡಿದ್ದಳು. ಅಷ್ಟರಲ್ಲಿ ನಕಲಿ ವಿಮಾನ ನಕಲಿ ರನ್‌ವೇ ದಾಟಿ ಹುಲ್ಲಿಗೆ ಇಳಿದಿತ್ತು. ಅಂದು ಮಧ್ಯಾಹ್ನ ಎರಡನೆಯ ಅವಕಾಶ. ಇದೂ ತಪ್ಪಿದರೆ ಹಾರಾಟ ಬಂದ್, ತಿಂಗಳುಗಟ್ಟಲೆ ಮತ್ತೆ ತರಬೇತಿ.

ರಜೆ ಹಾಕಿ ಮನೆಗೆ ಬಂದವಳು ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದಳು. ಯಂತ್ರದ ದನಿ ಮೊಬೈಲಿನಲ್ಲಿತ್ತು, ಆದರೆ ಅದು ಯಾವ ಗಳಿಗೆಗೆ ಬರುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಕಾನ್ವೆಂಟ್ ಓದಿದವಳು ನಾನು. ಯಂತ್ರದ ಕೆಲಸ ನನಗೆ ಬಂತು.

ನನ್ನಿಂದ ಆಗಲಿಲ್ಲ. ಒಬ್ಬರು ಕೆಲಸದಲ್ಲಿದ್ದಾಗ ನಡುವೆ ಬಾಯಿ ಹಾಕಬಾರದು ಎಂದು ನಮ್ಮ ಶಾಲೆಯ ಸಿಸ್ಟರ್‌ಗಳು ಕಲಿಸಿದ್ದರು. ಹಾಕಲೇಬೇಕಾದರೆ ಎರಡು ಹೆಜ್ಜೆ ದೂರ ನಿಂತು ಎಕ್ಸ್‌ಕ್ಯೂಸ್ ಮಿ ಎಂದು, ಅವರು ತಿರುಗಿ ನೋಡಿದ ಮೇಲೆ ಮಾತಾಡಬೇಕು. ಸಿಲಿಂಡರ್ ತರುವವನ ಎದುರಿಗೂ ನನಗೆ ಅದೇ ರೂಢಿ. ಹಾಗಾಗಿ ಅವಳು ಸರಿಯಾಗಿ ಕೂತಳೇ ಎಂದು ನೋಡಿ, ಸಣ್ಣ ದನಿಯಲ್ಲಿ ಎಕ್ಸ್‌ಕ್ಯೂಸ್ ಮಿ ಎಂದು, ಆಮೇಲೆ ಲಾಂಗ್ ಲ್ಯಾಂಡಿಂಗ್ ಎನ್ನುತ್ತಿದ್ದೆ. ಮೊದಲ ದಿನ ಮಗಳು ನಕ್ಕಳು. ಪೇಪರಿನ ಹಿಂದಿನಿಂದ ಯಜಮಾನರು, “ನಿಮ್ಮವ್ವನ್ನ ಆ ಯಂತ್ರದಾಗ ಕೂಡಿಸಿದ್ರ ಮೊದಲ ಚಹಾ ಆತೇನ್ರಿ ಅಂತ ಕೇಳ್ತಾಳ” ಎಂದರು. ಮೂರನೆಯ ದಿನ ಯಾರೂ ನಗಲಿಲ್ಲ.

“ಅವ್ವಾ, ಯಂತ್ರ ಎಕ್ಸ್‌ಕ್ಯೂಸ್ ಮಿ ಅನ್ನೂದಿಲ್ಲ,” ಎಂದಳು. “ನೀ ಅಂದಕೂಡ್ಲೇ ನಾ ತಯಾರಾಗಿಬಿಡ್ತೇನಿ. ಅಲ್ಲಿ ಹೋಗಿ ಮತ್ತ ಹೊರಗ ನೋಡಿಕೋತ ಕೂಡ್ತೇನಿ.”

ಆ ಬೆಳಿಗ್ಗೆಯೂ ಒಮ್ಮೆ ಮಾಡಿದೆವು. ಬಾಯಿಗೆ ಅದೇ ಬಂತು. ಅವಳು ಚಹಾದ ಕಪ್ಪು ಎತ್ತಿಕೊಂಡಳು. ನಾನು ಹಿತ್ತಲಿಗೆ ಹೋಗಿ ಪೈಪನ್ನು ಬ್ಯಾರಲ್‌ಗೆ ಬಿಟ್ಟೆ. ತೆರೆದ ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಬಿಗಿದು ಕಟ್ಟಿದ ತುರುಬಿನಿಂದ ಎರಡು ಎಳೆ ಕೂದಲು ತಪ್ಪಿಸಿಕೊಂಡು ಕುತ್ತಿಗೆಗೆ ಅಂಟಿದ್ದವು. ಕಪ್ಪು ಬಲಗೈಯಲ್ಲಿತ್ತು. ಎಡಗೈ ಮಾತ್ರ ಮರೆತಂತೆ ಲಟ್ಟಣಿಗೆಯ ಮೇಲೇ ಉಳಿದಿತ್ತು. ಅವಳು ತಯಾರಿರಲಿಲ್ಲ.

ನೀರಿನ ಸಪ್ಪಳ ಮೀರಿಸಿ, ನನಗೇ ಗುರುತು ಸಿಗದ ದನಿಯಲ್ಲಿ ಒದರಿದೆ. “ಲಾಂಗ್ ಲ್ಯಾಂಡಿಂಗ್! ಲಾಂಗ್ ಲ್ಯಾಂಡಿಂಗ್!”

ಲಟ್ಟಣಿಗೆ ಮುಂದಕ್ಕೆ ಹೋಗಿ ಟೇಬಲ್ಲಿಗೆ ಬಡಿಯಿತು. ಚಹಾ ಅವಳ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಅವಳು ತಿರುಗಿ ನೋಡಿದ್ದು ಅದಾದ ಮೇಲೆ.

“ಹಾಂ, ಇದು,” ಎಂದಳು.

ಸಾರಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಕಲೆ ನಿಲ್ಲುವ ಮೊದಲು ಆ ಅಂಗಿಯನ್ನು ಹಿತ್ತಲಲ್ಲೇ ತೊಳೆದು ಹಿಂಡಿ, ಬೇರೊಂದಕ್ಕೆ ಇಸ್ತ್ರಿ ಮಾಡಿಕೊಟ್ಟೆ. ಅಷ್ಟರಲ್ಲಿ ಎರಡೂ ಬ್ಯಾರಲ್ ತುಂಬಿ ಹರಿದಿದ್ದವು.

ವಿಮಾನ ನಿಲ್ದಾಣ ನಮ್ಮ ಗೋಕುಲ ರಸ್ತೆಯಲ್ಲೇ. ಬೆಂಗಳೂರಿನ ವಿಮಾನ ಹಿಡಿಯಲು ಆಟೋದಲ್ಲಿ ಹೋದಳು. ಅವಳು ಕೂತ ವಿಮಾನ ಮನೆಯ ಮೇಲೆ ಹಾದಾಗ ನಾನು ತೊಗರಿಬೇಳೆ ಆರಿಸುತ್ತಿದ್ದೆ. ಸದ್ದು ಪೂರ್ತಿ ಇಂಗುವವರೆಗೆ ಬೇಳೆಯ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಮಧ್ಯಾಹ್ನ ಯಜಮಾನರೂ ಅರ್ಧ ರೊಟ್ಟಿಗೇ ಕೈ ತೊಳೆದರು.

ಐದರ ಸುಮಾರಿಗೆ ಫೋನ್ ಬಂತು. “ಪಾಸಾತವ್ವಾ.” ಯಂತ್ರ ಎರಡನೆಯ ಸಲ ಕೂಗುವ ಮೊದಲೇ ಕೈ ಮುಂದೆ ಹೋಗಿತ್ತಂತೆ. ಹೊರಗೆ ನೋಡಿದ್ದು ವಿಮಾನ ಮೇಲೇರಿದ ಮೇಲೆ. ಪರೀಕ್ಷೆ ಮಾಡುವವರು ಏನೂ ಕೇಳದೆ ಸಹಿ ಹಾಕಿದರಂತೆ. ಅದರಲ್ಲಿ ನನ್ನ ಪಾಲು ಎಷ್ಟೋ ನಾನು ಕೇಳಲಿಲ್ಲ. ಒಂದೇ ಒಂದು ಸಲ ಸರಿಯಾಗಿ ಒದರಿದ್ದೆ, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಶೇಂಗಾ ಚಟ್ನಿಯ ಡಬ್ಬಿ ಮರಳಿಸಲು ಬಂದರು. ಅವರ ಅಡುಗೆಮನೆಯ ಕಿಟಕಿ ನಮ್ಮ ಹಿತ್ತಲಿಗೇ ಇದೆ. ನಾನು ಮಗಳ ಸುದ್ದಿ ಹೇಳುವ ಮೊದಲೇ ಅವರು ಹೊಸ್ತಿಲಲ್ಲಿ ಶುರು ಮಾಡಿದರು.

“ಮುಂಜಾನಿ ಏನದು ಅಕ್ಕಾರ, ಇಂಗ್ಲಿಷಿನ್ಯಾಗ ಒದರಿದ್ರಿ? ನಂಗೊಂದೂ ತಿಳೀಲಿಲ್ಲ. ಮೊದಲ ಗ್ಯಾಸ್ ಬಂದ್ ಮಾಡಿದೆ, ಆಮ್ಯಾಲೆ ಕಿಡಕ್ಯಾಗ ಇಣಿಕಿ ನೋಡಿದೆ. ನೋಡಿದ್ರ ನೀವು ಅಂಗಿ ಹಿಂಡಾಕತ್ತೀರಿ. ಹಂಚಿನ ಮ್ಯಾಲಿನ ಒಂದ್ ರೊಟ್ಟಿ ಹಸೀನ ಉಳೀತು ನೋಡ್ರಿ.”