ಹಿಟ್ಟಿನೊಳಗಿನ ಕಡಲೆ

ಗದಗಿನ ಕಾಲೇಜಿನಲ್ಲಿ ನಮಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಮೇಡಂ ಪ್ರಯೋಗಾಲಯಕ್ಕೆ ಬಂದವರೇ ಬಳೆಗಳನ್ನು ಮೇಲಕ್ಕೆ ಸರಿಸಿ, ಎಣ್ಣೆ ಹಾಕಿ ಹಿಟ್ಟು ನಾದುತ್ತಿದ್ದರು. ಹೋಳಿಗೆಗೆ ಹೂರಣ ತುಂಬುವ ಹಾಗೆ ಉಂಡೆಯೊಳಗೆ ಒಂದು ನೆನೆದ ಕಡಲೆ ಮುಚ್ಚಿಡುತ್ತಿದ್ದರು. ಹಿಟ್ಟು ಎಂದರೆ ಹೆಂಗಸಿನ ಎದೆ, ಕಡಲೆ ಎಂದರೆ ಅದರೊಳಗಿನ ಕ್ಯಾನ್ಸರ್ ಗಂಟು. ಸುತ್ತಲಿನ ಆಂಟೆನಾಗಳಿಂದ ಹೊರಟ ಮೈಕ್ರೋವೇವ್ ಅಲೆಗಳು ಉಂಡೆಗೆ ತಾಗಿ ಚದುರುತ್ತಿದ್ದವು. ಆ ಚದುರಿದ ಅಲೆಗಳಿಂದ ಒಳಗಿನ ಚಿತ್ರ ಬಿಡಿಸುವುದನ್ನು ನಮ್ಮ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ಪ್ರೋಗ್ರಾಂ, ಕಲಿಯುತ್ತಿತ್ತು. ಪ್ರತಿ ಸಲವೂ ಮೇಡಂ ಪರದೆಗೆ ಬೆರಳಿನಿಂದ ತಟ್ಟಿ, "ಖರೇನ ಹೇಳು ಲೇ" ಎಂದು ಅದಕ್ಕೆ ಹೇಳುತ್ತಿದ್ದರು.

ಅದೊಂದು ಸಂಜೆ. ಮರುದಿನ ಮುಂಡರಗಿಯ ಒಂದು ಆಸ್ಪತ್ರೆಯಲ್ಲಿ, ಒಪ್ಪಿಕೊಂಡಿದ್ದ ಕೆಲವು ಹೆಣ್ಣುಮಕ್ಕಳನ್ನು ಈ ಮಷೀನಿನಿಂದ ಮೊದಲ ಸಲ ಪರೀಕ್ಷಿಸುವುದಿತ್ತು. ಕೊನೆಯದಾಗಿ ಒಮ್ಮೆ ನೋಡೋಣವೆಂದು ಮೇಡಂ ಉಂಡೆ ಇಟ್ಟು ಬಟನ್ ಒತ್ತಿದರು. ಪರದೆಯ ಮೇಲೆ ಕೆಂಪು ಗಂಟು ಮೂಡಿತು. ಅಷ್ಟು ಸ್ಪಷ್ಟವಾಗಿ ಅದು ಹಿಂದೆಂದೂ ಮೂಡಿರಲಿಲ್ಲ. ನಾವು ಚಪ್ಪಾಳೆ ಹೊಡೆದೆವು.

ಮೇಡಂ ಮಾತ್ರ ಮೇಜಿನ ಕಡೆ ನೋಡುತ್ತಿದ್ದರು. ಕಡಲೆ ತಟ್ಟೆಯಲ್ಲೇ ಇತ್ತು. ಅವಸರದಲ್ಲಿ ಒಳಗಿಡುವುದನ್ನೇ ಮರೆತಿದ್ದರು.

ಉಂಡೆಯನ್ನು ಹೋಳು ಮಾಡಿದರು, ಆ ಹೋಳುಗಳನ್ನೂ ಹರಿದರು. ಬರೀ ಹಿಟ್ಟು.

"ಮಷೀನ್ ಸುಳ್ಳು ಹೇಳೈತ್ರಿ ಮೇಡಂ" ಎಂದೆ.

"ಅದೇನ್ ಮಾಡ್ತೈತಿ ಪಾಪ? ಎಲ್ಲಾ ಉಂಡ್ಯಾಗೂ ಕಡ್ಲಿ ಇಟ್ಟೇವಿ. ಒಂದ್ ಸಲನೂ ಅದಕ್ಕ ಬರೇ ಹಿಟ್ಟು ತೋರಿಸಿಲ್ಲಲ್ಲೋ ನಾವು. ಏನೂ ಇಲ್ಲ ಅನ್ನೋದು ಅದಕ್ಕ ಗೊತ್ತೇ ಇಲ್ಲ."

ಕೆಂಪು ಗಂಟು ಇನ್ನೂ ಹೊಳೆಯುತ್ತಿತ್ತು. ಮೇಡಂ ಎಣ್ಣೆಗೈಯಲ್ಲೇ ಆಸ್ಪತ್ರೆಗೆ ಫೋನ್ ಹಚ್ಚಿದರು.

"ನಾಳೆ ಯಾವ ಹೆಣ್ಣುಮಗಳನ್ನೂ ಕರೀಬ್ಯಾಡ್ರಿ."